ಗುಳಿಗೆ ಕಳೆದವರು ಯಾರು, ಕಾಲು ಕಳೆದುಕೊಂಡವರು ಯಾರು?

ಪಾಳಿ ಬಿಟ್ಟ ಮೇಲೆ ಗಿರಣಿಯ ಗೇಟಿನಲ್ಲಿ ನಡೆಯುವ ತಪಾಸಣೆಯನ್ನು ನಮ್ಮ ಓದುಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಎಂಟು ತಾಸು ದುಡಿದು ಬಂದವನ ಬುತ್ತಿ ಡಬ್ಬಿ ಬಿಚ್ಚಿಸುತ್ತಾರೆ, ಜೇಬು ತಡವುತ್ತಾರೆ, ಟೊಂಕ ಮುಟ್ಟಿ ನೋಡುತ್ತಾರೆ. ಅಂಗೈಯಗಲದ ಚಿಂದಿ ಸಿಕ್ಕರೂ ಸಾಕು, ಮರುದಿನ ಚಾರ್ಜ್‌ಶೀಟು, ವಾರದೊಳಗೆ ಕೆಲಸಕ್ಕೆ ಸಂಚಕಾರ. ಪೇಟೆಯ ಸಣ್ಣ ವ್ಯಾಪಾರಿಯ ಪಾಡೂ ಇದೇ. ತಕ್ಕಡಿಗೆ ಮುದ್ರೆ ಹಾಕಿಸಿಲ್ಲವೆಂದು ದಂಡ, ಬಿಲ್ಲಿನ ನಂಬರು ತಪ್ಪಿದೆಯೆಂದು ನೋಟೀಸು, ಜಿ.ಎಸ್.ಟಿ. ಲೆಕ್ಕ ತಡವಾದರೆ ಬಡ್ಡಿ. ಬಡವನ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗಲೇಬೇಕು. ದೊಡ್ಡವರ ಲೆಕ್ಕ ಹೇಗಿರುತ್ತದೆ ಎಂಬುದನ್ನು ಈ ವಾರ ನೋಡೋಣ.

ಪಶ್ಚಿಮ ಆಸ್ಟ್ರೇಲಿಯದಲ್ಲಿ ನ್ಯೂಮನ್ ಎಂಬ ಊರಿನ ಉತ್ತರಕ್ಕೆ ಗುಡೈ-ದರಿ ಎಂಬ ಕಬ್ಬಿಣದ ಅದಿರಿನ ಗಣಿ ಇದೆ. ಅದರ ಧಣಿ ರಿಯೊ ಟಿಂಟೊ, ಜಗತ್ತಿನ ಅತಿ ದೊಡ್ಡ ಗಣಿ ಕಂಪೆನಿಗಳಲ್ಲೊಂದು. ಅದಿರು ಪುಡಿಮಾಡುವ ಕಡೆ, ಸಾಗುವ ಮಾಲು ಎಷ್ಟು ದಟ್ಟವಾಗಿದೆಯೆಂದು ಅಳೆಯಲು ಅಲ್ಲಿ ಒಂದು ಗೇಜು ಇತ್ತು. ಈ ಗೇಜಿನ ಕೆಲಸ ಸರಳ. ಒಂದು ಬದಿಗೆ ವಿಕಿರಣ ಸೂಸುವ ಗುಳಿಗೆ, ಎದುರು ಬದಿಗೆ ಆ ಕಿರಣವನ್ನು ಎಣಿಸುವ ಉಪಕರಣ. ನಡುವೆ ಇರುವ ಮಾಲು ದಟ್ಟವಾದಷ್ಟೂ ಈಚೆಗೆ ತಲುಪುವ ಕಿರಣ ಕಡಮೆ. ಕಾಗದದ ಗಿರಣಿಯಲ್ಲಿ ಹಾಳೆಯ ದಪ್ಪ ನೋಡಲು, ಸಿಮೆಂಟು ಮತ್ತು ಉಕ್ಕಿನ ಕಾರ್ಖಾನೆಗಳಲ್ಲಿ ಮುಚ್ಚಿದ ತೊಟ್ಟಿಯೊಳಗೆ ಮಾಲು ಎಲ್ಲಿಯವರೆಗೆ ತುಂಬಿದೆಯೆಂದು ತಿಳಿಯಲು ಇದೇ ಜಾತಿಯ ಗೇಜುಗಳನ್ನು ನಮ್ಮ ದೇಶದಲ್ಲೂ ಬಳಸುತ್ತಾರೆ. ಆದುದರಿಂದ ಇದು ಸಮುದ್ರದಾಚೆಯ ಮಾತೆಂದು ಯಾರೂ ಪುಟ ತಿರುವಿ ಹಾಕಬಾರದು.

ಆ ಗುಳಿಗೆಯ ಅಗಲ 6 ಮಿಲಿಮೀಟರು, ಎತ್ತರ 8 ಮಿಲಿಮೀಟರು. ಕಡಲೆಕಾಳಿನಷ್ಟು ಎನ್ನಿ. ಒಳಗೆ ಸೀಸಿಯಂ-137. ಒಂದು ಮೀಟರು ದೂರದಲ್ಲಿ ಒಂದು ತಾಸು ನಿಂತರೆ ಹತ್ತು ಎಕ್ಸ್-ರೇ ತೆಗೆಸಿಕೊಂಡಂತೆ ಎಂದು ಅಲ್ಲಿಯ ಆರೋಗ್ಯಾಧಿಕಾರಿಗಳೇ ಹೇಳಿದರು. ಕೈಯಲ್ಲಿ ಹಿಡಿದರೆ ಚರ್ಮ ಸುಡುತ್ತದೆ, ಜೇಬಿನಲ್ಲಿಟ್ಟುಕೊಂಡರೆ ಮಾಂಸ ಕೊಳೆಯುತ್ತದೆ. ಇಂಥ ವಸ್ತುವನ್ನು ರಿಪೇರಿಗೆಂದು 2023ರ ಜನವರಿ 10ರಂದು ಕಟ್ಟಿ, 12ರಂದು ಲಾರಿಗೆ ಹೇರಿ, 1,400 ಕಿಲೋಮೀಟರು ದೂರದ ಪರ್ತ್ ನಗರಕ್ಕೆ ಕಳಿಸಿದರು. 16ರಂದು ಲಾರಿ ಮುಟ್ಟಿತು. ಪೆಟ್ಟಿಗೆಯನ್ನು ಇಳಿಸಿ ಗೋದಾಮಿನಲ್ಲಿಟ್ಟರು. ತೆರೆದು ನೋಡಿದ್ದು ಯಾವಾಗ? 25ರಂದು. ಗೇಜು ಬಿಚ್ಚಿಕೊಂಡು ಬಿದ್ದಿತ್ತು. ನಾಲ್ಕು ಬೋಲ್ಟುಗಳಲ್ಲಿ ಒಂದು ಇರಲಿಲ್ಲ, ತಿರುಪುಗಳು ಇರಲಿಲ್ಲ, ಗುಳಿಗೆಯೂ ಇರಲಿಲ್ಲ. ಜನರಿಗೆ ತಿಳಿಸಿದ್ದು 27ರಂದು.

ಲಾರಿ ಹೊರಟಂದಿನಿಂದ ಹದಿಮೂರು ದಿನ ಆ ಗುಳಿಗೆ ಎಲ್ಲಿದೆಯೆಂದು ಅದರ ಧಣಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದೂ ಗೊತ್ತಿರಲಿಲ್ಲ! ಗಿರಣಿಯ ಗೇಟಿನಲ್ಲಿ ಚಿಂದಿ ಹುಡುಕುವ ಕಣ್ಣುಗಳು ಅಂದು ಎಲ್ಲಿಗೆ ಹೋಗಿದ್ದವು?

ಕಂಪೆನಿಯ ಉತ್ತರ ನಮ್ಮ ಕಾರ್ಮಿಕ ಬಂಧುಗಳಿಗೆ ಚಿರಪರಿಚಿತ. ಪರಿಣತಿಯುಳ್ಳ ಗುತ್ತಿಗೆದಾರರಿಗೆ ಒಪ್ಪಿಸಿದ್ದೆವು ಎಂಬುದೇ ಆ ಉತ್ತರ. ಸಂಬಳ ಬಾಕಿಯಾದಾಗ, ಕೈ ಯಂತ್ರಕ್ಕೆ ಸಿಕ್ಕಾಗ, ಭವಿಷ್ಯ ನಿಧಿಯ ಹಣ ಜಮಾ ಆಗದಿದ್ದಾಗ ನಾವು ಕೇಳುವ ಉತ್ತರವೂ ಇದೇ ಅಲ್ಲವೆ? ಲಾಭಕ್ಕೆ ಗುತ್ತಿಗೆದಾರನಿಲ್ಲ, ಹೊಣೆಗೆ ಮಾತ್ರ ಉಂಟು.

ಇನ್ನು ಶಿಕ್ಷೆಯ ವಿಚಾರ. ಆ ರಾಜ್ಯದ 1975ರ ವಿಕಿರಣ ಸುರಕ್ಷತಾ ಕಾಯಿದೆಯ ಪ್ರಕಾರ ಆಗ ಇದ್ದ ಗರಿಷ್ಠ ದಂಡ 1,000 ಆಸ್ಟ್ರೇಲಿಯ ಡಾಲರು, ತಪ್ಪು ಮುಂದುವರಿದರೆ ದಿನಕ್ಕೆ 50 ಡಾಲರು. ಅಂದಿನ ಬೆಲೆಯಲ್ಲಿ ಅರುವತ್ತು ಸಾವಿರ ರೂಪಾಯಿಗೂ ಕಡಮೆ. ಅದರ ಹಿಂದಿನ ವರ್ಷ, 2022ರಲ್ಲಿ, ಕಂಪೆನಿಯ ನಿವ್ವಳ ಲಾಭ 1,240 ಕೋಟಿ ಅಮೆರಿಕನ್ ಡಾಲರು. ಈ ದಂಡ ಹಾಸ್ಯಾಸ್ಪದವೆಂದು ಆ ದೇಶದ ಪ್ರಧಾನಮಂತ್ರಿಗಳೇ ಹೇಳಬೇಕಾಯಿತು. ಹಾಸ್ಯವೇ ಸರಿ. ಆದರೆ ನಲವತ್ತೆಂಟು ವರ್ಷ ಆ ಹಾಸ್ಯವನ್ನು ಕಾನೂನಿನ ಪುಸ್ತಕದಲ್ಲಿ ಹಾಗೆಯೇ ಇಟ್ಟುಕೊಂಡು ಬಂದವರು ಯಾರು?

ನ್ಯಾಯವಾಗಿ ಹೇಳಬೇಕಾದ್ದನ್ನೂ ಹೇಳುತ್ತೇವೆ. ಗುಳಿಗೆ ಸಿಕ್ಕಿತು. ಫೆಬ್ರವರಿ 1ರಂದು, ಗಂಟೆಗೆ 70 ಕಿಲೋಮೀಟರು ವೇಗದಲ್ಲಿ ಹೋಗುತ್ತಿದ್ದ ಶೋಧದ ವಾಹನದ ಯಂತ್ರ ಅದನ್ನು ಪತ್ತೆಮಾಡಿತು. ರಸ್ತೆಯ ಅಂಚಿನಿಂದ ಎರಡು ಮೀಟರು ದೂರದಲ್ಲಿ ಬಿದ್ದಿತ್ತು. ಯಾರಿಗೂ ಅಪಾಯವಾದ ವರದಿ ಬರಲಿಲ್ಲ. ಕಂಪೆನಿ ಕ್ಷಮೆ ಕೇಳಿತು, ಹುಡುಕಾಟದ ವೆಚ್ಚ ಕೊಡಲು ಸಿದ್ಧವೆಂದಿತು. ಸರ್ಕಾರದ ಬಳಿ ಯಂತ್ರವಿತ್ತು, ಜನವಿದ್ದರು, ದುಡ್ಡಿತ್ತು. ರಸ್ತೆ ಹಾದುಹೋದದ್ದು ಹೆಚ್ಚಾಗಿ ಬಯಲಿನಲ್ಲಿ. ಅಲ್ಲಿ ಗುಜರಿ ಆಯುವ ಮಕ್ಕಳು ಓಡಾಡುತ್ತಿರಲಿಲ್ಲ. ಹಾಗಾಗಿ ಕತೆ ಸುಖಾಂತವಾಯಿತು. ಬಡವರು ಓಡಾಡುವ ಜಾಗದಲ್ಲಿ ಬಿದ್ದ ಗುಳಿಗೆಗಳ ಕತೆ ಬೇರೆ.

ಅದೇ ವರ್ಷ ಮಾರ್ಚ್ ತಿಂಗಳಲ್ಲಿ ಥಾಯ್ಲೆಂಡಿನ ಪ್ರಾಚೀನ್‌ಬುರಿ ಪ್ರಾಂತದ ಒಂದು ವಿದ್ಯುತ್ ಕಾರ್ಖಾನೆ, ತನ್ನ ಸೀಸಿಯಂ ಇರುವ ಒಂದು ಕೊಳವೆ ಕಾಣೆಯಾಗಿದೆಯೆಂದು ದೂರು ಕೊಟ್ಟಿತು. ಇದು ಕಡಲೆಕಾಳಲ್ಲ, ಒಂದಡಿ ಉದ್ದದ, 25 ಕಿಲೋ ತೂಕದ ಉಕ್ಕಿನ ಕೊಳವೆ. ಹುಡುಕಿಕೊಟ್ಟವರಿಗೆ ಬಹುಮಾನವನ್ನೂ ಸಾರಿದರು. ಕೊನೆಗೆ ಸೀಸಿಯಂ ಸಿಕ್ಕಿದ್ದು ಅದೇ ಪ್ರಾಂತದ ಕಬಿನ್‌ಬುರಿಯಲ್ಲಿ, ಗುಜರಿ ಕರಗಿಸುವ ಕುಲುಮೆಯ ಕೆಂಪು ಧೂಳಿನಲ್ಲಿ. ಗುಜರಿಯೊಂದಿಗೆ ಸೇರಿ, ಕುಲುಮೆಗೆ ಬಿದ್ದು, ಕರಗಿ, ಧೂಳಾಗಿ, ಚೀಲಗಳಲ್ಲಿ ತುಂಬಿತ್ತು. ಆ ಮೇಲೆ ವೈದ್ಯರು ಬಂದು ಕುಲುಮೆಯ ಕಾರ್ಮಿಕರನ್ನು ಪರೀಕ್ಷಿಸಿದರು. ಕಳೆದುಕೊಂಡವನು ಒಬ್ಬ, ಪರೀಕ್ಷೆಗೆ ಸಾಲು ನಿಂತವರು ಬೇರೆ.

ಇನ್ನೂ ಹಿಂದಕ್ಕೆ ಹೋಗೋಣ. ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಯಾನಾಂಗೊ ಎಂಬಲ್ಲಿ ಒಂದು ಜಲವಿದ್ಯುತ್ ಕಾಮಗಾರಿ. ದೊಡ್ಡ ಕೊಳವೆಯ ಬೆಸುಗೆ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಲು ಇರಿಡಿಯಂ-192 ತುಂಬಿದ ಕ್ಯಾಮರಾ ತಂದಿದ್ದರು. 1999ರ ಫೆಬ್ರವರಿ 20ರಂದು ಆ ಕ್ಯಾಮರಾದಿಂದ ಮೂಲ ಕಳಚಿ ಬಿದ್ದಿತ್ತು. ಅಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ವೆಲ್ಡರನ ಕಣ್ಣಿಗೆ ಅದು ಬಿತ್ತು. ಏನೋ ಲೋಹದ ಚೂರು, ಉಪಯೋಗಕ್ಕೆ ಬಂದೀತೆಂದು ಎತ್ತಿ ಚಲ್ಲಣದ ಹಿಂದಿನ ಜೇಬಿಗೆ ಹಾಕಿಕೊಂಡ. ಯಾವ ಕಾರ್ಮಿಕ ಹಾಗೆ ಮಾಡುವುದಿಲ್ಲ? ಸಂಜೆಯ ಹೊತ್ತಿಗೆ ತೊಡೆ ನೋಯತೊಡಗಿತು. ತೋರಿಸಿಕೊಂಡಾಗ, ಹುಳ ಕಡಿದಿರಬೇಕು ಎಂಬ ಉತ್ತರ ಬಂತು. ಗುಳಿಗೆ ಅವನೊಂದಿಗೆ ಮನೆಗೂ ಹೋಯಿತು, ಹೆಂಡತಿ ಮಕ್ಕಳ ನಡುವೆ. ಇತ್ತ ಪರೀಕ್ಷೆಯವರು ಫಿಲ್ಮು ತೊಳೆದು ನೋಡಿದರೆ ಖಾಲಿ. ಆಗ ಅವರಿಗೆ ಮೂಲವೇ ಇಲ್ಲವೆಂದು ಹೊಳೆದದ್ದು. ಮಧ್ಯರಾತ್ರಿ ಕಳೆದ ಮೇಲೆ ಮನೆ ಹುಡುಕಿಕೊಂಡು ಬಂದರು. ಆ ವೆಲ್ಡರನ ಕಾಲನ್ನು ಕತ್ತರಿಸಬೇಕಾಯಿತು. ಕೆಲಸ ಶುರುಮಾಡುವ ಮುನ್ನ ಕೈಯಲ್ಲಿ ಹಿಡಿಯುವ ಒಂದು ಮೀಟರಿನಿಂದ ಪೆಟ್ಟಿಗೆಯನ್ನೊಮ್ಮೆ ನೋಡಿದ್ದರೆ, ಐದು ನಿಮಿಷದ ಕೆಲಸ, ಆ ಕಾಲು ಉಳಿಯುತ್ತಿತ್ತು.

ಮೊರಾಕೊ ದೇಶದ ಮೊಹಮ್ಮದಿಯದ್ದು ಇನ್ನೂ ಘೋರ. 1984ರಲ್ಲಿ ಅಲ್ಲಿ ಕಟ್ಟುತ್ತಿದ್ದ ವಿದ್ಯುತ್ ಕೇಂದ್ರದಲ್ಲಿ ಇಂಥದೇ ಇರಿಡಿಯಂ ಮೂಲ ನೆಲಕ್ಕೆ ಬಿತ್ತು. ಒಬ್ಬ ಕೂಲಿಕಾರ ಎತ್ತಿಕೊಂಡು ಮನೆಗೆ ಒಯ್ದ. ಒಬ್ಬರ ಹಿಂದೆ ಒಬ್ಬರಂತೆ, ಅವನೂ ಅವನ ಮನೆಯವರೂ ಬಂಧುಗಳೂ ಸೇರಿ ಎಂಟು ಜನ ಸತ್ತರು. ಏನೋ ವಿಷ ಸೇರಿದೆಯೆಂದು ತಿಳಿದಿದ್ದರು. ಮನೆ ಖಾಲಿಯಾದ ಮೇಲೆ ವಿಕಿರಣವಿರಬಹುದೇ ಎಂಬ ಸಂಶಯ ಬಂತು. ಕಾಮಗಾರಿಯ ದಫ್ತರಿನಲ್ಲಿ ಒಂದು ಸಾಲು, ‘ಮೂಲ ಪೆಟ್ಟಿಗೆಗೆ ಮರಳಿದೆ’ ಎಂಬ ಸಾಲು, ಪ್ರತಿ ಸಂಜೆ ನೋಡಿ ಬರೆದಿದ್ದರೆ ಸಾಕಾಗಿತ್ತು. ಎಂಟು ಜೀವಕ್ಕೆ ಒಂದು ಸಾಲು!

ಈಗ ನಮ್ಮ ದೇಶಕ್ಕೆ ಬರೋಣ, ಮತ್ತು ಇದನ್ನು ಗುಜರಿ ಅಂಗಡಿಯ ಬಂಧುಗಳು ಗಮನವಿಟ್ಟು ಓದಬೇಕು.

ದಿಲ್ಲಿಯ ಮಾಯಾಪುರಿ ದೊಡ್ಡ ಗುಜರಿ ಪೇಟೆ. 2010ರ ಏಪ್ರಿಲಿನಲ್ಲಿ ಅಲ್ಲಿಯ ಅಂಗಡಿಗಳವರು, ಕೂಲಿಗಳು ಒಬ್ಬೊಬ್ಬರಾಗಿ ಆಸ್ಪತ್ರೆ ಸೇರತೊಡಗಿದರು. ವಾಂತಿ, ಉದುರುವ ಕೂದಲು, ಕಪ್ಪಾಗುವ ಚರ್ಮ. ಮೊದಮೊದಲು ಹಬ್ಬಿದ ಮಾತೇನು? ಹೊರದೇಶದ ಗುಜರಿಯೊಂದಿಗೆ ಬಂದಿರಬೇಕು ಎಂದು. ಅಂದರೆ ತಪ್ಪು ತರಿಸಿದ ವ್ಯಾಪಾರಿಯದು ಎಂದರ್ಥ. ತನಿಖೆಯಾದಾಗ ಹೊರಬಿದ್ದದ್ದೇ ಬೇರೆ. ದಿಲ್ಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗ ಕೆನಡಾದಿಂದ ತರಿಸಿದ್ದ ಒಂದು ಗಾಮಾ ಯಂತ್ರ 1985ರಿಂದ ಬಳಕೆಯಿಲ್ಲದೆ ಬಿದ್ದಿತ್ತು. 2010ರ ಫೆಬ್ರವರಿಯಲ್ಲಿ ಅದನ್ನು ಹಳೆ ಸಾಮಾನಿನೊಂದಿಗೆ ಹರಾಜಿಗಿಟ್ಟು ಮಾರಿದರು. ಒಳಗಿದ್ದ ಕೋಬಾಲ್ಟ್-60 ಸಮೇತ. ಕೊಂಡವರು ಕೊಂಡದ್ದು ಸೀಸ, ಉಕ್ಕು. ಅವರ ಕೈಗೆ ಬಂದದ್ದು ಮೃತ್ಯು. ಕೂಲಿಗಳು ಬರಿಗೈಯಲ್ಲಿ ಅದನ್ನು ಬಿಚ್ಚಿದರು. ಚೂರುಗಳು ಅಂಗಡಿಯಿಂದ ಅಂಗಡಿಗೆ ಹೋದವು. ಒಬ್ಬರು ಒಂದು ತುಂಡನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದರು. ಏಪ್ರಿಲ್ ಕೊನೆಯಲ್ಲಿ ಮೂವತ್ತೈದು ವರ್ಷದ ಒಬ್ಬ ಕಾರ್ಮಿಕ ಪ್ರಾಣ ಬಿಟ್ಟ.

ಇದು ಕಾರ್ಖಾನೆಯಲ್ಲ, ವಿಶ್ವವಿದ್ಯಾಲಯವಲ್ಲವೆ ಎಂದು ಕೆಲವರು ಕೇಳಬಹುದು. ಅದೇ ನಮ್ಮ ಮಾತು. ಕೋಬಾಲ್ಟ್ ಎಂದರೇನೆಂದು ಪಾಠ ಹೇಳುವ ಕಡೆಯೇ ಪಟ್ಟಿ ಇಪ್ಪತ್ತೈದು ವರ್ಷದಲ್ಲಿ ಮರೆತುಹೋಗುವುದಾದರೆ, ಮ್ಯಾನೇಜರು ಬದಲಾಗಿ, ಕಂಪೆನಿ ಕೈ ಬದಲಾಗಿ, ಬ್ಯಾಂಕಿನವರು ಬೀಗ ಹಾಕಿದ ಗಿರಣಿಯ ಗತಿಯೇನು? ಮುಚ್ಚಿದ ಗಿರಣಿಯ ಸಾಮಾನು ಹೇಗೆ ಹರಾಜಾಗುತ್ತದೆಂದು ನಮ್ಮ ಊರಿನವರಿಗೆ ತಿಳಿಯದ್ದಲ್ಲ. ಕಾರ್ಮಿಕರ ಗ್ರಾಚ್ಯುಟಿ ಬಾಕಿ ಇರುತ್ತದೆ, ಲಾರಿಗಳು ಮಾತ್ರ ಬಂದು ನಿಲ್ಲುತ್ತವೆ. ಪಟ್ಟಿಯಲ್ಲಿ ‘ಹಳೆ ಯಂತ್ರ, ಇಷ್ಟು ಟನ್ನು’ ಎಂದಿರುತ್ತದೆ, ಅಷ್ಟೆ. ಆ ಟನ್ನುಗಳೊಳಗೆ ಏನಿದೆಯೆಂದು ಬಲ್ಲ ಫೋರ್‌ಮನ್ ನಿವೃತ್ತನಾಗಿ ಎಷ್ಟೋ ಕಾಲವಾಗಿರುತ್ತದೆ. ಸೀಸಿಯಂ ಮಾತ್ರ ನಿವೃತ್ತವಾಗುವುದಿಲ್ಲ. ಅದರ ಬಿರುಸು ಅರ್ಧಕ್ಕೆ ಇಳಿಯಲು ಮೂವತ್ತು ವರ್ಷ ಬೇಕು.

ದಿಲ್ಲಿಯಲ್ಲಿ ಕುಲಪತಿಗಳು ನೈತಿಕ ಹೊಣೆ ಹೊತ್ತು ಕ್ಷಮೆ ಕೇಳಿದರು. ಒಳ್ಳೆಯದು. ಆದರೆ ನೈತಿಕ ಹೊಣೆಯಿಂದ ಯಾವ ಮನೆಯ ಒಲೆ ಉರಿದೀತು?

ಇಂಥ ಧಣಿಯಿಲ್ಲದ ಮೂಲಗಳಿಗೆ ವಿಜ್ಞಾನಿಗಳು ಮತ್ತು ಅಧಿಕಾರಿಗಳು ಒಂದು ಹೆಸರಿಟ್ಟಿದ್ದಾರೆ. ‘ಅನಾಥ ಮೂಲ’ ಎನ್ನುತ್ತಾರೆ. ಈ ಮಾತನ್ನು ಕೇಳಿದಾಗಲೆಲ್ಲ ನಮಗೆ ಸಿಟ್ಟು ಬರುತ್ತದೆ. ತಂದೆತಾಯಿ ಸತ್ತ ಮಗು ಅನಾಥ. ಇಲ್ಲಿ ತಂದೆತಾಯಿ ಗಟ್ಟಿಯಾಗಿ ಬದುಕಿದ್ದಾರೆ. ಅವರಿಗೆ ಆಫೀಸಿದೆ, ಮೊಹರಿದೆ, ವಕೀಲರಿದ್ದಾರೆ. ಲಾಭ ಬರುವವರೆಗೆ ಮಡಿಲಲ್ಲಿಟ್ಟುಕೊಂಡು, ಬೇಡವಾದಾಗ ಬೀದಿಗೆ ಬಿಟ್ಟದ್ದಕ್ಕೆ ಅನಾಥವೆಂದರೆ ಬಿಟ್ಟವರ ಪಾಪ ತೊಳೆದುಹೋಗುತ್ತದೆಯೆ? ‘ಕಳೆದುಹೋಯಿತು’ ಎಂಬ ಮಾತೂ ಹಾಗೆಯೇ. ಗುಳಿಗೆಗೆ ಕಾಲಿಲ್ಲ. ಅದು ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಕಳೆದವರಿದ್ದಾರೆ.

ಇದು ಬಂಡವಾಳಗಾರರ ರೋಗ ಮಾತ್ರವೆಂದು ಹೇಳಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಾಗದು. ಸೋವಿಯತ್ ಉಕ್ರೇನಿನಲ್ಲಿ, ಧಣಿಯೇ ಇಲ್ಲವೆನ್ನುತ್ತಿದ್ದ ವ್ಯವಸ್ಥೆಯಲ್ಲಿ, 1970ರ ದಶಕದ ಕೊನೆಗೆ ಒಂದು ಕಲ್ಲುಗಣಿಯ ಗೇಜಿನಿಂದ ಸೀಸಿಯಂ ಗುಳಿಗೆ ಕಾಣೆಯಾಯಿತು. ಸ್ವಲ್ಪ ದಿನ ಹುಡುಕಿ ಬಿಟ್ಟರು. ಜಲ್ಲಿಯೊಂದಿಗೆ ಅದು ಕಾಂಕ್ರೀಟಿಗೆ ಸೇರಿ, ಕ್ರಾಮತೋರ್ಸ್ಕ್ ಪಟ್ಟಣದ ವಸತಿ ಕಟ್ಟಡದ ಗೋಡೆಯಾಯಿತು. ಆ ಮನೆಯಲ್ಲಿ ಒಂದರ ಹಿಂದೊಂದು ಸಂಸಾರ ಬಂದಿತು, ನಾಲ್ವರು ಸತ್ತರು. 1989ರಲ್ಲಿ ಗೋಡೆ ಕತ್ತರಿಸಿ ಗುಳಿಗೆ ತೆಗೆದರು. ಬೋರ್ಡಿನ ಮೇಲೆ ಕಂಪೆನಿಯ ಹೆಸರಿದ್ದರೂ ಸರ್ಕಾರದ ಹೆಸರಿದ್ದರೂ, ಲೆಕ್ಕದ ಪುಸ್ತಕ ಮೇಲಿನವರ ಕಪಾಟಿನಲ್ಲೇ ಇದ್ದು ದುಡಿಯುವವನು ಅದನ್ನು ತೆರೆದು ಕೇಳುವಂತಿಲ್ಲದಿದ್ದರೆ, ಆಗುವುದು ಇದೇ. ನಮ್ಮ ಜಗಳ ಇರುವುದು ಆ ಕಪಾಟಿನ ಬೀಗದೊಂದಿಗೆ.

ವಿಕಿರಣವೇ ಬೇಡವೆಂದು ನಾವು ಹೇಳುತ್ತಿಲ್ಲ. ಬೆಸುಗೆ ಪರೀಕ್ಷೆಯಾಗದ ಬಾಯ್ಲರು ಸಿಡಿದರೆ ಸಾಯುವವರೂ ನಾವೇ. ಕ್ಯಾನ್ಸರಿನ ಆಸ್ಪತ್ರೆಗಳಲ್ಲಿ ಕೋಬಾಲ್ಟ್ ಎಷ್ಟೋ ಜೀವ ಉಳಿಸಿದೆ. ನಾವು ಕೇಳುವುದು ಲೆಕ್ಕ.

ಲೆಕ್ಕ ಇದೆಯಲ್ಲ, ಅಣುಶಕ್ತಿ ನಿಯಂತ್ರಣ ಮಂಡಳಿ ಇದೆಯಲ್ಲ ಎಂದು ಸರ್ಕಾರದ ಕಡೆಯವರು ಹೇಳುತ್ತಾರೆ. 2012ರಲ್ಲಿ ಭಾರತದ ಮಹಾಲೇಖಪಾಲರು ಆ ಮಂಡಳಿಯ ಕೆಲಸವನ್ನೇ ತಪಾಸಣೆ ಮಾಡಿ ವರದಿ ಕೊಟ್ಟರು. ದೇಶದಲ್ಲಿರುವ ಎಲ್ಲ ವಿಕಿರಣ ಮೂಲಗಳ ವಿವರವಾದ ಪಟ್ಟಿ ಮಂಡಳಿಯ ಬಳಿ ಇಲ್ಲ, ಕೆಲಸ ಮುಗಿದ ಮೂಲಗಳು ನಿಜವಾಗಿ ಸುರಕ್ಷಿತವಾಗಿ ವಿಲೇವಾರಿಯಾದವೇ ಎಂದು ನೋಡುವ ಸರಿಯಾದ ಏರ್ಪಾಡಿಲ್ಲ, ದಂಡದ ಮೊತ್ತ ಯಾರನ್ನೂ ಹೆದರಿಸುವಷ್ಟಿಲ್ಲ ಎಂದು ಅದರಲ್ಲಿ ಬರೆದರು. ವಿರೋಧ ಪಕ್ಷದ ಭಾಷಣವಲ್ಲ, ಸರ್ಕಾರದ ಲೆಕ್ಕಿಗರ ಬರಹ. ಆ ಮೇಲೆ ಮಂಡಳಿ ಲೈಸೆನ್ಸಿನ ಕೆಲಸವನ್ನು ಕಂಪ್ಯೂಟರಿಗೆ ತಂದಿದೆ. ಆಗಬೇಕಾದದ್ದೇ. ಆದರೆ ಮುಂಬಯಿಯ ಕಂಪ್ಯೂಟರಿನಲ್ಲಿರುವ ಪಟ್ಟಿಯಿಂದ ನಮ್ಮ ಪೇಟೆಯ ಗುಜರಿಯವನಿಗೆ, ಕುಲುಮೆಯ ಮುಂದೆ ನಿಂತವನಿಗೆ ಏನು ತಿಳಿಯಿತು?

ಕುಲುಮೆಯ ಮಾತು ಬಂದದ್ದರಿಂದ ಇದೊಂದನ್ನು ಹೇಳಿಬಿಡುತ್ತೇವೆ. 2008ರಲ್ಲಿ ಫ್ರಾನ್ಸಿನಲ್ಲಿ ಲಿಫ್ಟಿನ ಗುಂಡಿಗಳಲ್ಲಿ ಕೋಬಾಲ್ಟ್-60 ಪತ್ತೆಯಾಯಿತು. ಗುಂಡಿಯ ಉಕ್ಕು ಭಾರತದ್ದು. ಎಲ್ಲೋ ಕಳೆದ ಮೂಲ ಎಲ್ಲೋ ಕರಗಿ ಉಕ್ಕಿನಲ್ಲಿ ಸೇರಿತ್ತು. ಆ ಗುಂಡಿಗಳನ್ನು ಜೋಡಿಸುತ್ತಿದ್ದ ಫ್ರೆಂಚ್ ಕಾರ್ಖಾನೆಯ ಸುಮಾರು ಇಪ್ಪತ್ತು ಕೆಲಸಗಾರರಿಗೆ ಎಷ್ಟೆಷ್ಟು ವಿಕಿರಣ ತಗುಲಿತೆಂದು ಅಲ್ಲಿಯ ಸಂಸ್ಥೆ ಲೆಕ್ಕ ಹಾಕಿ ಪ್ರಕಟಿಸಿತು. ಉಕ್ಕು ಕರಗಿಸಿದ ಇಲ್ಲಿಯ ಕಾರ್ಮಿಕನ ಹೆಸರನ್ನು ಯಾವ ಪತ್ರಿಕೆಯಲ್ಲಿ ಓದಿದಿರಿ?

ನಮ್ಮ ಬೇಡಿಕೆ ದೊಡ್ಡದೇನಲ್ಲ. ಯಾವ ಕಾರ್ಖಾನೆಯಲ್ಲಿ ಇಂಥ ಗೇಜು, ಇಂಥ ಕ್ಯಾಮರಾ ಇದೆಯೋ ಅಲ್ಲಿ ಎಷ್ಟಿವೆ, ಎಲ್ಲಿವೆ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೇಟಿನಲ್ಲಿ ತೂಗುಹಾಕಲಿ. ತಿಂಗಳಿಗೊಮ್ಮೆ ಎಣಿಸಲಿ, ಎಣಿಸುವಾಗ ಯೂನಿಯನ್ನಿನ ಒಬ್ಬ ಪ್ರತಿನಿಧಿ ಪಕ್ಕದಲ್ಲಿ ನಿಂತು ಸಹಿ ಹಾಕಲಿ. ಭೋಪಾಲದ ದುರಂತವಾದ ಮೇಲೆ, 1987ರಲ್ಲಿ, ಅಪಾಯದ ಕಾರ್ಖಾನೆಗಳ ಸುರಕ್ಷಾ ಸಮಿತಿಯಲ್ಲಿ ಕಾರ್ಮಿಕರೂ ಇರಬೇಕೆಂದು ಕಾನೂನಿನಲ್ಲಿ ಬರೆದವರು ಇದೇ ಸರ್ಕಾರದವರು. ಹೊಸದನ್ನೇನೂ ನಾವು ಕೇಳುತ್ತಿಲ್ಲ. ಗಿರಣಿ ಮುಚ್ಚುವುದಾದರೆ, ಮೂಲಗಳನ್ನು ತಂದುಕೊಟ್ಟವರಿಗೆ ಹಿಂತಿರುಗಿಸಿದ ರಸೀದಿ ತೋರಿಸದೆ ಒಂದು ಮೊಳೆಯೂ ಹರಾಜಾಗಬಾರದು. ಹಿಂತಿರುಗಿಸುವ ಖರ್ಚನ್ನು ಮೂಲ ತರಿಸುವ ದಿನವೇ ಧಣಿಯಿಂದ ಠೇವಣಿಯಾಗಿ ಕಟ್ಟಿಸಿಕೊಳ್ಳಬೇಕು. ಖರ್ಚು ತಪ್ಪಿಸಿಕೊಳ್ಳುವ ಆಸೆಯೇ ಅರ್ಧ ‘ಅನಾಥ’ಗಳ ತಾಯಿ. ಇನ್ನು ದಂಡ ಲಾಭದ ಅಳತೆಯಲ್ಲಿರಬೇಕು. ಗೂಡಂಗಡಿಗೂ ಗಣಿ ಕಂಪೆನಿಗೂ ಒಂದೇ ಸಾವಿರ ಎನ್ನುವುದು ಸಮಾನತೆಯಲ್ಲ. ಗುಜರಿ ವ್ಯಾಪಾರಿ ಸಂಶಯದ ವಸ್ತುವನ್ನು ತಾನಾಗಿ ತಿಳಿಸಿದರೆ ಅವನ ಮೇಲೆ ಕೇಸು ಹಾಕದೆ, ಅಂಗಡಿ ಮುಚ್ಚಿದ ದಿನಗಳ ನಷ್ಟ ಕಟ್ಟಿಕೊಡಬೇಕು. ಈಗ ಅವನು ಬಾಯಿಬಿಟ್ಟರೆ ಪೊಲೀಸು, ಸೀಲು, ಸುದ್ದಿಯವರು. ಯಾರು ತಾನೆ ಬಾಯಿಬಿಟ್ಟಾರು?

ಅಲ್ಲಿಯವರೆಗೆ ನಮ್ಮ ಎಚ್ಚರ ನಮ್ಮದು. ಗಾತ್ರಕ್ಕೆ ಮೀರಿದ ತೂಕವಿರುವ ಪೆಟ್ಟಿಗೆ, ಸೀಸ ತುಂಬಿದ ಉರುಳೆ, ಹಳದಿ ಮೇಲೆ ಮೂರು ಎಸಳಿನ ಗುರುತು, ಅಥವಾ ಕೆಂಪು ಮೇಲೆ ತಲೆಬುರುಡೆ ಮತ್ತು ಓಡುವ ಮನುಷ್ಯನ ಚಿತ್ರ ಕಂಡರೆ ಸುತ್ತಿಗೆ ಹಾಕಬೇಡಿ, ಗ್ಯಾಸ್ ಕಟ್ಟರು ಹಚ್ಚಬೇಡಿ. ಅಲ್ಲೇ ಬಿಟ್ಟು ದೂರ ಸರಿಯಿರಿ, ಹುಡುಗರನ್ನು ದೂರವಿಡಿ, ಪೊಲೀಸರಿಗೂ ಅಗ್ನಿಶಾಮಕದವರಿಗೂ ತಿಳಿಸಿ. ಗುರುತು ಅಳಿಸಿಹೋಗಿರಲೂಬಹುದು. ಅದಕ್ಕೆ ವಾಸನೆಯಿಲ್ಲ, ಮುಟ್ಟಿದರೆ ಬಿಸಿಯಿಲ್ಲ. ಎರಡು ಕಿಲೋ ಸೀಸದ ಆಸೆಗೆ ಮುಟ್ಟಬೇಡಿ.

ಗಿರಣಿಯ ಬಂಧುಗಳು ಮುಂದಿನ ಗೇಟ್ ಮೀಟಿಂಗಿನಲ್ಲಿ ಒಂದೇ ಪ್ರಶ್ನೆ ಕೇಳಲಿ: ‘ನಮ್ಮ ಕಾರ್ಖಾನೆಯಲ್ಲಿ ಇಂಥ ಮೂಲ ಎಷ್ಟಿವೆ, ಕೊನೆಯ ಬಾರಿ ಎಣಿಸಿದ್ದು ಯಾವ ತಾರೀಕು?’ ಮ್ಯಾನೇಜರ ಉತ್ತರವನ್ನು ನಮಗೆ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಅದನ್ನೂ ಬರೆದು ಕಳಿಸಿ.